ಬಂದೂಕಿಲ್ಲದ ಮನೆಯಲ್ಲಿ 23 ಹೋಲ್ಸ್ಟರ್

ಮೊನ್ನೆ ಊರಿನಿಂದ ಬಂದಿದ್ದ ಗೆಳೆಯನೊಬ್ಬ ನನ್ನ ಕೋಣೆಯ ಗೋಡೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟ. "ಏನೋ ಇದು, ಇಷ್ಟೊಂದು ಪಿಸ್ತೂಲು ಇಟ್ಕೊಂಡಿದ್ದೀಯಾ?" ಅಂದ. ಒಂದೂ ಇಲ್ಲ ಅಂದೆ. ನಂಬಲಿಲ್ಲ. ಒಂದೊಂದನ್ನೇ ಮೊಳೆಯಿಂದ ಇಳಿಸಿ, ಬಾಯಿ ಅಗಲಿಸಿ ಒಳಗೆ ತೋರಿಸಿದೆ. 23 ಹೋಲ್ಸ್ಟರ್, ಅಂದರೆ ಪಿಸ್ತೂಲು ಇಟ್ಟು ಸೊಂಟಕ್ಕೆ ಕಟ್ಟಿಕೊಳ್ಳುವ ತೊಗಲಿನ ಒರೆ. ಎಲ್ಲವೂ ಖಾಲಿ. "ಮತ್ತೆ ಯಾಕೆ?" ಅಂತ ಕೇಳಿದ. ಆ ರಾತ್ರಿ ಊಟದ ಹೊತ್ತಿನಲ್ಲಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊಗೆ ಬಂದು 17 ವರ್ಷವಾಯಿತು. ಬಂದದ್ದು ಎಚ್-1ಬಿ ವೀಸಾದಲ್ಲಿ. ಆ ವೀಸಾದವರು ಸಾಮಾನ್ಯವಾಗಿ ಇಲ್ಲಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಆಮೇಲೆ ಗ್ರೀನ್ ಕಾರ್ಡ್ ಬಂತು. ಆಗಲೂ ಬಂದೂಕು ಬೇಕು ಅನ್ನಿಸಲಿಲ್ಲ. ನನಗೆ ಬೇಕಾಗಿದ್ದದ್ದು ತೊಗಲು. ಹದ ಮಾಡಿದ ದಪ್ಪ ತೊಗಲು, ಅದರ ಅಂಚು, ಅದರ ಹೊಲಿಗೆ. ಈ ಹುಚ್ಚು ಟೆಕ್ಸಸ್‌ನಲ್ಲಿ ಹತ್ತಿದ್ದಲ್ಲ. ಅಥಣಿಯಲ್ಲಿ ಹತ್ತಿದ್ದು.

ಅಪ್ಪ ಪೊಲೀಸ್ ಇಲಾಖೆಯಲ್ಲಿ ಪಿಎಸ್ಐ ಆಗಿದ್ದರು. ಬೆಳಗಾವಿ ಜಿಲ್ಲೆಯಲ್ಲೇ ಎರಡು ಮೂರು ವರ್ಷಕ್ಕೊಮ್ಮೆ ವರ್ಗ. 1987ರಲ್ಲಿ ಖಾನಾಪುರದಲ್ಲಿದ್ದೆವು. ಅಲ್ಲಿ ಮಳೆ ಹಿಡಿದರೆ ಬಿಡುತ್ತಿರಲಿಲ್ಲ. ಗೋಡೆಗೆ ತೂಗುಹಾಕಿದ್ದ ಅಪ್ಪನ ಬೆಲ್ಟು, ಹೋಲ್ಸ್ಟರ್, ಬೂಟು ಎಲ್ಲದಕ್ಕೂ ಬೂಸು ಬರುತ್ತಿತ್ತು. ರಿವಾಲ್ವರ್ ಸ್ಟೇಷನ್ನಿನಲ್ಲೇ ಇರುತ್ತಿತ್ತು. ಹೋಲ್ಸ್ಟರ್ ಮಾತ್ರ ಪಾಲಿಶ್‌ಗೆ ಅಂತ ಮನೆಗೆ ಬರುತ್ತಿತ್ತು. ಭಾನುವಾರ ಬೆಳಿಗ್ಗೆ ಅದನ್ನು ಒಣ ಬಟ್ಟೆಯಿಂದ ಒರೆಸಿ, ಕಂದು ಪಾಲಿಶ್ ತೆಳ್ಳಗೆ ಹಚ್ಚಿ, ಹಳೆ ಬನಿಯನ್ ತುಂಡಿನಿಂದ ತಿಕ್ಕುವುದು ನನ್ನ ಕೆಲಸ. ಮುಚ್ಚಳ ಎತ್ತಿದರೆ ಒಳಗಿಂದ ಎಣ್ಣೆ, ಬೆವರು, ತೊಗಲು ಮೂರೂ ಬೆರೆತ ಒಂದು ವಾಸನೆ. ಬೆರಳು ಒಳಗೆ ಹಾಕಿದರೆ ರಿವಾಲ್ವರಿನ ಗುಂಡು ತುಂಬುವ ಉರುಳೆ ಕೂರುವ ಜಾಗದಲ್ಲಿ ಒಂದು ಗುಂಡನೆಯ ತಗ್ಗು ಸಿಗುತ್ತಿತ್ತು. ಅಲ್ಲಿ ಇಲ್ಲದ ವಸ್ತುವಿನ ಆಕಾರ ಅದು. ಇವತ್ತಿಗೂ ಯಾವ ಹೋಲ್ಸ್ಟರ್ ಕೈಗೆ ಬಂದರೂ ಮೊದಲು ಬೆರಳು ಹೋಗುವುದು ಅಲ್ಲಿಗೇ.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಹೋಲ್ಸ್ಟರಿನ ಕೆಳಗಿನ ಹೊಲಿಗೆ ಕೊಳೆತುಹೋಯಿತು. ಮರುವರ್ಷ ಅಥಣಿಗೆ ವರ್ಗವಾಯಿತು. ಅಥಣಿ ಅಂದರೆ ಕಾಲ್ಮರಿಯ ಊರು. ಎಲ್ಲರೂ ಕೊಲ್ಹಾಪುರಿ ಚಪ್ಪಲಿ ಅನ್ನುತ್ತಾರಲ್ಲ, ಅದರಲ್ಲಿ ಎಷ್ಟೋ ಜೊತೆ ಹುಟ್ಟುವುದು ಅಥಣಿ, ನಿಪ್ಪಾಣಿ ಕಡೆ. 2019ರಲ್ಲಿ ಆ ಚಪ್ಪಲಿಗೆ ಜಿಐ (ಇದು ಇಂಥ ಊರಿನದ್ದು ಅನ್ನುವ ಭೌಗೋಳಿಕ ಸೂಚಕ) ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಹೆಸರೂ ಸೇರಿತು. ಅದನ್ನು ಓದಿ ಇಲ್ಲಿ ಕೂತು ನಾನು ಬಹಳ ಖುಷಿಪಟ್ಟೆ.

ಅಪ್ಪ ಆ ಹರಿದ ಹೋಲ್ಸ್ಟರ್ ತಗೊಂಡು, ನನ್ನನ್ನೂ ಕರೆದುಕೊಂಡು, ಪೇಟೆಯಲ್ಲಿ ಕಾಲ್ಮರಿ ಹೊಲಿಯುವ ಒಬ್ಬ ಕಾಕಾನ ಹತ್ತಿರ ಹೋದರು. ಇಲಾಖೆಯಿಂದ ಹೊಸದು ಬರೆಸಿಕೊಂಡರಾಯಿತು ಅನ್ನುವ ಲೆಕ್ಕದಲ್ಲೇ ಇದ್ದರು, ಸುಮ್ನೆ ಒಮ್ಮೆ ತೋರಿಸೋಣ ಅಂತ ಹೋದದ್ದು. ಕಾಕಾ ಅದನ್ನು ಮುಂದೆ ನೋಡಲೇ ಇಲ್ಲ. ತಿರುವಿ ಹಿಂಬದಿ ನೋಡಿದ. ಹೆಬ್ಬೆರಳಿಂದ ಅಂಚು ಒತ್ತಿದ. ಆಮೇಲೆ, "ಸಾಹೇಬ್ರ, ಹೊಸಾದು ಯಾಕ್ರಿ? ತೊಗಲು ಗಟ್ಟಿ ಐತಿ. ದಾರ ಅಷ್ಟ ಸತ್ತೈತಿ" ಅಂದ.

ಆ ಕೆಲಸ ನಾನು ಪೂರ್ತಿ ಕೂತು ನೋಡಿದೆ. ಮೊದಲು ಸತ್ತ ದಾರವನ್ನೆಲ್ಲ ಚೂರು ಚೂರಾಗಿ ಕಿತ್ತ. ಹೊಸ ತೂತು ಒಂದೂ ಹಾಕಲಿಲ್ಲ, ಹಳೆಯವನ್ನೇ ಮೊನೆಯಿಂದ ಬಿಡಿಸಿಕೊಂಡ. ಒಂದು ಮಾರು ದಾರ ತಗೊಂಡು ಮೇಣದ ಉಂಡೆಯ ಮೇಲೆ ನಾಲ್ಕು ಸಲ ಎಳೆದ. ದಾರದ ಎರಡೂ ತುದಿಗೆ ಒಂದೊಂದು ಸೂಜಿ. ಹೋಲ್ಸ್ಟರನ್ನು ಮೊಣಕಾಲ ಮಧ್ಯೆ ಹಿಡಿದು, ಒಂದೇ ತೂತಿನಲ್ಲಿ ಈ ಕಡೆಯಿಂದ ಒಂದು ಸೂಜಿ, ಆ ಕಡೆಯಿಂದ ಇನ್ನೊಂದು ಸೂಜಿ ತೂರಿಸಿ, ಎರಡೂ ಕೈಯನ್ನು ರೆಕ್ಕೆಯ ಹಾಗೆ ಅಗಲಿಸಿ ಎಳೆಯುತ್ತಿದ್ದ. ಪ್ರತಿ ಹೊಲಿಗೆಗೂ ಮೇಣದ ದಾರ ತೊಗಲಿಗೆ ಉಜ್ಜಿ ಬರುವ ಒಂದು ಸಣ್ಣ ಸದ್ದು. ನಾನು ಕಣ್ಣು ಬಿಟ್ಟುಕೊಂಡು ಕೂತದ್ದು ನೋಡಿ ಮುಗಿದ ಮೇಲೆ ಒಂದು ಹಳೆ ತುಂಡಿನಲ್ಲಿ ಹೊಲಿದು, ಮಧ್ಯದ ಒಂದು ಹೊಲಿಗೆಯನ್ನು ಕತ್ತರಿಸಿ, ಎರಡೂ ಕಡೆ ಜಗ್ಗು ಅಂತ ಕೊಟ್ಟ. ಜಗ್ಗಿದೆ. ಬಿಚ್ಚಲಿಲ್ಲ. "ಒಂದು ಹರದ್ರ ಉಳದದ್ದು ಹಿಡೀತೈತಿ ನೋಡ ತಮ್ಮಾ" ಅಂದ.

ಆ ಹೋಲ್ಸ್ಟರ್ ಅಪ್ಪನ ಸೊಂಟದಲ್ಲಿ ಆಮೇಲೆ ಎಷ್ಟೋ ವರ್ಷ ಇತ್ತು. 2003ರಲ್ಲಿ ನಿವೃತ್ತಿಯಾದಾಗ ಸರ್ಕಾರಿ ಸಾಮಾನು ಅಂತ ವಾಪಸ್ ಕೊಟ್ಟರು. ಕೊಡಲೇಬೇಕಿತ್ತು. ಅದರ ಒಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ.

ಅಪ್ಪ ಪರೇಡ್ ದಿನ ಹಾಕುತ್ತಿದ್ದ ಭುಜದ ಅಡ್ಡಪಟ್ಟಿ ಇದೆಯಲ್ಲ, ಸ್ಯಾಮ್ ಬ್ರೌನ್ ಬೆಲ್ಟ್, ಅದರ ಕಥೆಯನ್ನು ನಾನು ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಸ್ಯಾಮ್ ಬ್ರೌನ್ ಅನ್ನುವವನು 1824ರಲ್ಲಿ ಬಂಗಾಳದ ಬ್ಯಾರಕ್‌ಪುರದಲ್ಲಿ ಹುಟ್ಟಿದ ಬ್ರಿಟಿಷ್ ಸೇನಾಧಿಕಾರಿ. 1858ರ ಆಗಸ್ಟ್‌ನಲ್ಲಿ ಪಿಲಿಭಿತ್ ಹತ್ತಿರದ ಕಾಳಗದಲ್ಲಿ ಎಡಗೈ ಕಳೆದುಕೊಂಡ. ಕತ್ತಿ ಎಳೆಯಬೇಕಾದರೆ ಒರೆಯನ್ನು ಎಡಗೈಯಲ್ಲಿ ಹಿಡಿದುಕೊಳ್ಳಬೇಕು. ಕೈಯೇ ಇಲ್ಲದಿದ್ದರೆ ಒರೆ ಜೋಲಾಡುತ್ತದೆ. ಅದಕ್ಕೆ ಬಲ ಭುಜದ ಮೇಲಿಂದ ಒಂದು ಪಟ್ಟಿ ತಂದು ಸೊಂಟದ ಪಟ್ಟಿಗೆ ಸೇರಿಸಿ ಭಾರ ಹೊರಿಸಿದ. ಒಬ್ಬ ಮನುಷ್ಯನ ಒಂದು ಕೈಯ ಕೊರತೆಗೆ ಮಾಡಿಕೊಂಡ ಪಟ್ಟಿ ಎಷ್ಟೋ ದೇಶಗಳ ಸೈನ್ಯಕ್ಕೆ, ಪೊಲೀಸರಿಗೆ ಹೋಯಿತು. ಖಾನಾಪುರದ ನಮ್ಮ ಕ್ವಾರ್ಟರ್ಸ್‌ನ ಗೋಡೆಗೂ ಬಂತು. ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂವತ್ತು ವರ್ಷ ಹಾಕ್ಕೊಂಡೆ, ಗೊತ್ತಿರಲಿಲ್ಲ ನೋಡು" ಅಂದರು.

ಟೆಕ್ಸಸ್‌ಗೆ ಬಂದ ಮೇಲೆ ಮೊದಲು ಹೋದ ಜಾಗಗಳಲ್ಲಿ ವೇಕೊ ಊರಿನ ಟೆಕ್ಸಸ್ ರೇಂಜರ್ ಮ್ಯೂಸಿಯಂ ಒಂದು. ಜನ ಗಾಜಿನ ಹಿಂದಿನ ಕೋಲ್ಟ್ ರಿವಾಲ್ವರ್ ನೋಡುತ್ತಿದ್ದರು. ನಾನು ಅದರ ಪಕ್ಕದ ತೊಗಲು ನೋಡುತ್ತಾ ನಿಂತೆ. ಅಲ್ಲಿಂದ ಶುರುವಾಯಿತು.

ಸಿನಿಮಾ ನೋಡಿ ನಮ್ಮ ತಲೆಯಲ್ಲಿ ಒಂದು ಚಿತ್ರ ಕೂತಿರುತ್ತದೆ ಅಲ್ವಾ? ತೊಡೆಯ ಮೇಲೆ ಕೆಳಗೆ ಇಳಿಬಿಟ್ಟ ಹೋಲ್ಸ್ಟರ್, ಕಾಲಿಗೆ ಕಟ್ಟಿದ ದಾರ. ಅದು 1950ರ ದಶಕದ ಹಾಲಿವುಡ್ ಬೆಳೆಸಿದ ಚಿತ್ರ. ನಿಜವಾದ ಕುದುರೆ ಸವಾರರ ಹೋಲ್ಸ್ಟರ್ ಸೊಂಟದ ಮೇಲೆ, ಎತ್ತರದಲ್ಲಿ ಇರುತ್ತಿತ್ತು. ಕುದುರೆ ಮೇಲೆ ದಿನವಿಡೀ ಕೂರುವವನಿಗೆ ತೊಡೆಯ ಮೇಲೆ ಭಾರ ಜೋಲಾಡಿದರೆ ಆಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಹುಡುಕುವ ಕಾಲದಲ್ಲಿ ಬಂದದ್ದು ಬಂದೂಕಿನ ಮೈಗೆ ಅಂಟಿಕೊಂಡ ಹಾಗಿರುವ ಉದ್ದನೆಯ, ಸಪೂರ ಹೋಲ್ಸ್ಟರ್. ಅದಾದ ಮೇಲೆ, 1870ರ ದಶಕದ ಹೊತ್ತಿಗೆ, ಮೆಕ್ಸಿಕನ್ ಲೂಪ್. ಇದರಲ್ಲಿ ಹಿಂದೆ ಒಂದು ಅಗಲ ಹಾಳೆ ಬಿಟ್ಟು, ಅದನ್ನೇ ಮಡಚಿ, ಅದರಲ್ಲೇ ಪಟ್ಟಿಯ ಹಾಗೆ ಸೀಳಿ, ಹೋಲ್ಸ್ಟರನ್ನು ಆ ಸೀಳಿನಲ್ಲಿ ತೂರಿಸುತ್ತಾರೆ. ಬಕಲ್ ಇಲ್ಲ, ಕೊಂಡಿ ಇಲ್ಲ. ಒಂದೇ ತುಂಡು ತೊಗಲು ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ. ಇದರ ಜಾಣತನ ನನಗೆ ಪ್ರತಿ ಸಲವೂ ಹೊಸದಾಗಿ ಕಾಣುತ್ತದೆ.

ಇವನ್ನೆಲ್ಲ ಮಾಡುತ್ತಿದ್ದವರು ಕುದುರೆಯ ಜೀನು ಮಾಡುವವರು. ಡೆನ್ವರ್‌ನ ಹೈಸರ್, ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಜಾರ್ಜ್ ಲಾರೆನ್ಸ್, ಆಸ್ಟಿನ್‌ನ ಬ್ರಿಲ್, ಎಲ್ ಪಾಸೊದ ಮೈಯರ್ಸ್. ಎಲ್ ಪಾಸೊ ಸ್ಯಾಡಲರಿ ಅನ್ನುವ ಅಂಗಡಿ 1889ರಲ್ಲಿ ಶುರುವಾದದ್ದು, ಈಗಲೂ ಹೋಲ್ಸ್ಟರ್ ಮಾಡುತ್ತಿದೆ. ಸಂಗ್ರಹ ಮಾಡುವವರ ಬಾಯಲ್ಲಿ ಜಾಸ್ತಿ ಕೇಳುವ ಹೆಸರು ಥ್ರೀಪರ್ಸನ್ಸ್. ಟಾಮ್ ಥ್ರೀಪರ್ಸನ್ಸ್ ಎಲ್ ಪಾಸೊ ಕಡೆ ಪೊಲೀಸ್ ಕೆಲಸ ಮಾಡುತ್ತಿದ್ದವನು. 1920ರ ದಶಕದಲ್ಲಿ ಅವನು ಹೇಳಿದ ಹಾಗೆ ಮೈಯರ್ಸ್ ಅಂಗಡಿಯವರು ಒಂದು ಹೋಲ್ಸ್ಟರ್ ಹೊಲಿದುಕೊಟ್ಟರು. ಬೇಡದ ತೊಗಲನ್ನೆಲ್ಲ ಕತ್ತರಿಸಿ ತೆಗೆದ ಹೋಲ್ಸ್ಟರ್ ಅದು. ಹಿಡಿ ಸ್ವಲ್ಪ ಮುಂದಕ್ಕೆ ಬಾಗಿರುತ್ತದೆ, ಕೈ ಹೋದ ಕೂಡಲೇ ಸಿಗಲಿ ಅಂತ. ಅಮೆರಿಕದ ಪೊಲೀಸರ ಹೋಲ್ಸ್ಟರ್‌ಗಳಲ್ಲಿ ಆಮೇಲೆ ಎಷ್ಟೋ ದಶಕ ಇದರ ನೆರಳು ಇತ್ತು. ನನ್ನ ಹತ್ತಿರ ಒಂದು ಮೈಯರ್ಸ್ ಇದೆ. ಬೆನ್ನ ಮೇಲೆ ಅಂಗಡಿಯ ಮುದ್ರೆ, ಸ್ವಲ್ಪ ಸವೆದಿದೆ. ನಾನು ಅತಿ ಹೆಚ್ಚು ದುಡ್ಡು ಕೊಟ್ಟದ್ದು ಅದಕ್ಕೆ. ಆದರೆ ಮನೆಗೆ ಬೆಂಕಿ ಬಿದ್ದರೆ ನಾನು ಮೊದಲು ಎತ್ತಿಕೊಂಡು ಓಡುವುದು ಅದನ್ನಲ್ಲ.

ಅದಕ್ಕೆ ಬರುವ ಮುಂಚೆ ತೊಗಲಿನ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಈಗಿನ ಬ್ಯಾಗು, ಸೋಫಾದ ತೊಗಲು ಹೆಚ್ಚಿನದು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಬೇಗ ಆಗುತ್ತದೆ, ಮೆತ್ತಗಿರುತ್ತದೆ. ಹೋಲ್ಸ್ಟರ್‌ಗೆ ಅದು ನಡೆಯುವುದಿಲ್ಲ. ಆಕಾರ ಹಿಡಿಯುವುದಿಲ್ಲ, ಒಳಗಿನ ಲವಣ ಲೋಹಕ್ಕೂ ಒಳ್ಳೆಯದಲ್ಲ. ಹೋಲ್ಸ್ಟರ್‌ಗೆ ಬೇಕಾದದ್ದು ಮರದ ತೊಗಟೆಯ ಒಗರಿನಲ್ಲಿ ವಾರಗಟ್ಟಲೆ ನೆನೆದ ತೊಗಲು. ಇಲ್ಲಿ ಓಕ್ ಮರದ ತೊಗಟೆ ಹಾಕುತ್ತಿದ್ದರು. ನಮ್ಮ ಕಡೆ ಕಾಲ್ಮರಿಯ ತೊಗಲಿಗೆ ಜಾಲಿ ತೊಗಟೆ, ಅಳಲೆಕಾಯಿ. ಮರ ಬೇರೆ, ಒಗರು ಒಂದೇ. ಹೊಸ ಅಥಣಿ ಕಾಲ್ಮರಿಯನ್ನೂ ಇಲ್ಲಿನ ಹೊಸ ಹೋಲ್ಸ್ಟರನ್ನೂ ಕಣ್ಣು ಮುಚ್ಚಿ ಮೂಸಿದರೆ ಅವು ನೆಂಟರು ಅಂತ ಗೊತ್ತಾಗುತ್ತದೆ. ಈ ತೊಗಲನ್ನು ನೀರಲ್ಲಿ ನೆನೆಸಿ, ಒಳಗೆ ಬಂದೂಕಿನ ನಮೂನೆ ಇಟ್ಟು, ನುಣುಪಾದ ಮೂಳೆಯಿಂದ ಒತ್ತಿ ಒತ್ತಿ ಒಣಗಿಸಿದರೆ ಆ ಆಕಾರ ಹಾಗೇ ನಿಂತುಬಿಡುತ್ತದೆ. ಬಂದೂಕು ತೆಗೆದರೂ ನಿಲ್ಲುತ್ತದೆ. ಖಾಲಿ ಹೋಲ್ಸ್ಟರ್ ನನಗೆ ಯಾವತ್ತೂ ಖಾಲಿ ಅನ್ನಿಸದೆ ಇರುವುದು ಇದಕ್ಕೇ.

ಈ ಆಕಾರವನ್ನು ನಾನೇ ಒಮ್ಮೆ ಹಾಳು ಮಾಡಿದ್ದೇನೆ. 2014ರಲ್ಲಿ ಒಂದು ಲಾರೆನ್ಸ್ ಹೋಲ್ಸ್ಟರ್ ಸಿಕ್ಕಿತು. ಒಣಗಿ ಬಣ್ಣಗೆಟ್ಟಿತ್ತು. ಪಾಪ, ಬಾಯಾರಿದೆ ಅಂದುಕೊಂಡು ನೀಟ್ಸ್‌ಫುಟ್ ಎಣ್ಣೆ ಹಚ್ಚಿದೆ. ದನದ ಕಾಲಿನ ಮೂಳೆಯಿಂದ ತೆಗೆಯುವ ಎಣ್ಣೆ ಅದು, ತೊಗಲಿಗೆ ಹಳೆಯ ಕಾಲದಿಂದ ಹಚ್ಚುತ್ತಾರೆ. ಒಂದು ಕೈ ಹಚ್ಚಿದೆ, ಕುಡಿಯಿತು. ಇನ್ನೊಂದು ಕೈ, ಅದನ್ನೂ ಕುಡಿಯಿತು. ಮೂರನೆಯದನ್ನೂ ಹಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಹೋಲ್ಸ್ಟರ್ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಬಣ್ಣ ಕಪ್ಪಗಾಗಿತ್ತು. ಎಷ್ಟೋ ದಶಕ ನಿಂತಿದ್ದ ಒಳಗಿನ ಗುಂಡನೆಯ ತಗ್ಗು ಬೆರಳಿಗೆ ಸಿಗಲಿಲ್ಲ. ಆ ದಿನ ಆದ ಸಂಕಟ ಇವತ್ತಿಗೂ ಇದೆ. ಅದನ್ನು ಎಸೆದಿಲ್ಲ, ಗೋಡೆಯ ಕೊನೆಯಲ್ಲಿ ತೂಗುಹಾಕಿದ್ದೇನೆ. ಈಗ ನಾನು ಯಾವುದಕ್ಕೂ ಎಣ್ಣೆ ಮುಟ್ಟಿಸುವುದಿಲ್ಲ. ಒಣ ಬ್ರಷ್, ಮೆತ್ತನೆ ಬಟ್ಟೆ, ತೀರಾ ಬೇಕಿದ್ದರೆ ತೆಳ್ಳಗೆ ಮೇಣ. ಬಿಸಿಲು ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡುವುದಂತೂ ಬೇಡವೇ ಬೇಡ. ತೊಗಲು ಮುಟ್ಟಿದರೆ ಕೆಂಪು ಹುಡಿ ಕೈಗೆ ಹತ್ತುತ್ತಿದೆ ಅಂದರೆ ಅದು ಒಳಗಿಂದಲೇ ಕೊಳೆಯುತ್ತಿದೆ ಅಂತ ಅರ್ಥ, ಅಂಥದ್ದನ್ನು ಎಷ್ಟೇ ಸೋವಿಗೆ ಕೊಟ್ಟರೂ ನಾನು ತಗೊಳ್ಳುವುದಿಲ್ಲ. ಹಳೆಯ ತೋಟಾ ಬೆಲ್ಟುಗಳಲ್ಲಿ ಹಿತ್ತಾಳೆಯ ತೋಟಾ ಇದ್ದ ಕಡೆ ಹಸಿರು ಕಿಲುಬು ಗಟ್ಟಿಯಾಗಿರುತ್ತದೆ. ಅದಕ್ಕೆ ಹೆದರಬೇಕಿಲ್ಲ. ಹಲ್ಲುಕಡ್ಡಿಯಿಂದ ನಿಧಾನಕ್ಕೆ ತೆಗೆದರೆ ಬರುತ್ತದೆ.

ಈಗ ಬೆಂಕಿಯಿಂದ ಎತ್ತಿಕೊಂಡು ಓಡುವ ಹೋಲ್ಸ್ಟರ್‌ಗೆ ಬರುತ್ತೇನೆ.

ಟೆಕ್ಸಸ್‌ನ ರೌಂಡ್ ಟಾಪ್ ಅನ್ನುವ ಪುಟ್ಟ ಊರಿನಲ್ಲಿ ವಸಂತದಲ್ಲಿ ಒಮ್ಮೆ, ಚಳಿಗಾಲದ ಮುಂಚೆ ಒಮ್ಮೆ ಹಳೆ ಸಾಮಾನಿನ ದೊಡ್ಡ ಸಂತೆ ನೆರೆಯುತ್ತದೆ. ಮೈಲುಗಟ್ಟಲೆ ಡೇರೆ. 2018ರಲ್ಲಿ ಹೋದಾಗ ಒಬ್ಬಾಕೆ ಕುದುರೆ ಲಗಾಮುಗಳ ರಾಶಿಯ ಕೆಳಗೆ ಒಂದು ಹೋಲ್ಸ್ಟರ್ ಇಟ್ಟಿದ್ದರು. ಉದ್ದ ಕೊಳವೆಯ ರಿವಾಲ್ವರ್‌ಗೆ ಮಾಡಿದ ಮೆಕ್ಸಿಕನ್ ಲೂಪ್. ಕೆತ್ತನೆ ಇಲ್ಲ, ಹೂವಿಲ್ಲ, ಅಂಚಿನಲ್ಲಿ ಒಂದು ಗೆರೆ ಮಾತ್ರ. ನಾನು ಕೈಗೆ ಎತ್ತಿಕೊಂಡ ಕೂಡಲೇ ಅವರೇ ಹೇಳಿದರು: ಇದರ ಮೇಲೆ ಯಾರ ಮುದ್ರೆಯೂ ಇಲ್ಲ, ಮತ್ತೆ ಯಾರೋ ರಿಪೇರಿ ಮಾಡಿದ್ದಾರೆ, ಅದಕ್ಕೆ 40 ಡಾಲರ್.

ತಿರುವಿ ಹಿಂಬದಿ ನೋಡಿದೆ.

ದೊಡ್ಡ ಅಂಗಡಿಗಳು ಹಳೆಯ ಕಾಲದಲ್ಲೇ ಯಂತ್ರದಲ್ಲಿ ಹೊಲಿಯಲು ಶುರುಮಾಡಿದ್ದವು. ನನ್ನ ಮೈಯರ್ಸ್ ಕೂಡ ಯಂತ್ರದ್ದೇ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಬೇರೆ, ಕೆಳಗಿನ ದಾರ ಬೇರೆ. ಎರಡೂ ತೊಗಲಿನ ಮಧ್ಯೆ ಕೊಂಡಿ ಹಾಕಿಕೊಂಡಿರುತ್ತವೆ. ಒಂದು ದಾರ ಸವೆದರೆ ಕೊಂಡಿಗಳು ಸಡಿಲವಾಗುತ್ತಾ ಹೋಗುತ್ತವೆ. ಈ ಹೋಲ್ಸ್ಟರ್ ಹಾಗಿರಲಿಲ್ಲ. ಮುಂದೆಯೂ ಹಿಂದೆಯೂ ಹೊಲಿಗೆ ಒಂದೇ ಥರ, ಸ್ವಲ್ಪ ಓರೆ. ಇಂಚಿಗೆ ಏಳು ಹೊಲಿಗೆ. ಒಂದೆರಡು ಕಡೆ ಎಂಟು. ತೂತು ಹಾಕುವಾಗ ಕೈ ಸ್ವಲ್ಪ ಹತ್ತಿರ ಹೋಗಿದೆ. ಎರಡು ತೊಗಲಿನ ನಡುವೆ ಇನ್ನೊಂದು ತೆಳು ಪಟ್ಟಿ ಇಟ್ಟು ಹೊಲಿದಿದ್ದರು. ರಿವಾಲ್ವರಿನ ತುದಿಯ ಗುರಿಕಡ್ಡಿ ಎಳೆದಾಗಲೆಲ್ಲ ದಾರವನ್ನು ಕೊಯ್ಯದಿರಲಿ ಅಂತ ಈ ಪಟ್ಟಿ. ಹೊರಗೆ ಯಾರಿಗೂ ಕಾಣದ ಕೆಲಸ ಅದು.

ಕೆಳತುದಿಯ ಹತ್ತಿರ ಹನ್ನೊಂದು ಹೊಲಿಗೆ ಬೇರೆ ದಾರದ್ದು. ಸ್ವಲ್ಪ ದಪ್ಪ, ಸ್ವಲ್ಪ ಬಿಳಿ. ಜೇಬಿನಲ್ಲಿದ್ದ ಭೂತಗನ್ನಡಿ ಹಿಡಿದು ನೋಡಿದೆ. ಹೊಸ ತೂತು ಒಂದೂ ಇರಲಿಲ್ಲ. ಹಳೆಯ ತೂತುಗಳಲ್ಲೇ, ಎರಡು ಸೂಜಿಯಲ್ಲಿ ಹೊಲಿದಿದ್ದರು. ನನಗೆ ಅಲ್ಲಿ, ಆ ಡೇರೆಯ ಸೆಕೆಯಲ್ಲಿ, ಮೇಣದ ದಾರ ಎಳೆಯುವ ಸದ್ದು ಕೇಳಿದ ಹಾಗಾಯಿತು. ಚೌಕಾಸಿ ಮಾಡದೆ 40 ಡಾಲರ್ ಕೊಟ್ಟು ತಂದೆ.

ಹೊಸದಾಗಿ ಸಂಗ್ರಹ ಶುರುಮಾಡಿದವರು ಕೇಳಿದಾಗಲೆಲ್ಲ ಇದನ್ನೇ ತೋರಿಸುತ್ತೇನೆ. ಎಲ್ಲರೂ ಮುದ್ರೆ ಹುಡುಕುತ್ತಾರೆ. ಮುದ್ರೆ ಒತ್ತುವುದು ಸುಲಭ. ಹಳೆ ಹೋಲ್ಸ್ಟರ್ ಮೇಲೆ ಹೊಸದಾಗಿ ದೊಡ್ಡ ಅಂಗಡಿಯ ಹೆಸರು ಒತ್ತಿ ಮಾರುವವರೂ ಇದ್ದಾರೆ. ಅಕ್ಷರದ ಒಳಗಿನ ತೊಗಲು ಸುತ್ತಲಿನ ತೊಗಲಿಗಿಂತ ಹೊಸದಾಗಿ ಕಂಡರೆ ಅನುಮಾನ ಪಡಬೇಕು. ಆದರೆ ಅಂಚಿನ ಸವೆತ, ಬೆಲ್ಟು ಉಜ್ಜಿದ ಹೊಳಪು, ಒಳಗಿನ ತಗ್ಗು, ಇವು ಮೂರೂ ಒಂದಕ್ಕೊಂದು ಹೊಂದುವ ಹಾಗೆ ಕಳ್ಳತನದಲ್ಲಿ ಮಾಡುವುದು ಬಹಳ ಕಷ್ಟ. ಮತ್ತೆ ರಿಪೇರಿಯಾದದ್ದಕ್ಕೆ ಬೆಲೆ ಕಡಿಮೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೆಟ್ಟದಾಗಿ ರಿಪೇರಿ ಮಾಡಿದ್ದರೆ ಸರಿ. ಚೆನ್ನಾಗಿ ಮಾಡಿದ್ದರೆ ಅಲ್ಲಿ ಇಬ್ಬರ ಕೆಲಸ ಇದೆ. ಮಾಡಿದವನದ್ದು ಒಂದು, ಇದು ಇನ್ನೂ ಬಾಳುತ್ತದೆ ಅಂದವನದ್ದು ಇನ್ನೊಂದು.

ಹೋದ ವರ್ಷ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ಆ ಹನ್ನೊಂದು ಹೊಲಿಗೆ ತೋರಿಸಿದೆ. ಕನ್ನಡಕ ತರಿಸಿಕೊಂಡು ನೋಡಿದರು. "ಅಥಣಿ ಕಾಕಾಂದು ಇನ್ನೂ ಸಣ್ಣ ಇತ್ತು ಹೊಲಿಗಿ" ಅಂದರು. ಅಷ್ಟು ನೆನಪಿದೆ ಅವರಿಗೆ. ಹಾಗಾದರೆ ಉಳಿದದ್ದೂ ನೆನಪಿರಬೇಕು ಅಂತ ಕೇಳುತ್ತಾ ಹೋದೆ. ಮುಚ್ಚಳ ಎಲ್ಲಿಗೆ ಬರುತ್ತಿತ್ತು, ಗುಂಡಿ ಎಷ್ಟು ದೊಡ್ಡದು, ಬೆಲ್ಟಿನ ಪಟ್ಟಿ ಒಂದೋ ಎರಡೋ. ಅಪ್ಪ ಕ್ಯಾಲೆಂಡರ್ ಹಾಳೆಯ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದು, ಸ್ಕೇಲು ಪಕ್ಕ ಇಟ್ಟು ಫೋಟೋ ತೆಗೆದು ಕಳಿಸಿದರು. ಎಂಬತ್ತರ ಕೈ, ಗೆರೆ ಸ್ವಲ್ಪ ನಡುಗಿದೆ. ಅಳತೆ ಮಾತ್ರ ಸೆಂಟಿಮೀಟರಿನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ.

ಅದನ್ನು ಇಟ್ಟುಕೊಂಡು ನಾನೇ ಒಂದು ಮಾಡುತ್ತಿದ್ದೇನೆ. ತೊಗಲು ಸೇಂಟ್ ಲೂಯಿಸ್‌ನ ಹರ್ಮನ್ ಓಕ್‌ನದ್ದು, 1881ರಿಂದ ಇರುವ ಹದದ ಕಾರ್ಖಾನೆ. ಇಲ್ಲಿ ತೊಗಲಿನ ದಪ್ಪವನ್ನು ಔನ್ಸ್‌ನಲ್ಲಿ ಹೇಳುತ್ತಾರೆ. ಒಂದು ಔನ್ಸ್ ಅಂದರೆ ಇಂಚಿನ 64ನೇ ಒಂದು ಭಾಗ. ನಾನು ತಂದದ್ದು 8 ಔನ್ಸ್, ಹೆಚ್ಚುಕಡಿಮೆ 3.2 ಮಿಲಿಮೀಟರ್. ಅಪ್ಪ ಒಯ್ಯುತ್ತಿದ್ದಂಥ .38 ವೆಬ್ಲಿಯದ್ದೇ ಅಳತೆಯ, ಗುಂಡು ಹಾರದ ನಕಲು ರಿವಾಲ್ವರ್ ಒಂದನ್ನು ಆಕಾರಕ್ಕೆ ಅಂತ ತರಿಸಿದೆ. ಎರಡು ಸೂಜಿಯ ಹೊಲಿಗೆ ಕಲಿಯಲು ಆರು ತಿಂಗಳು ಚೂರು ತೊಗಲಿನ ಮೇಲೆ ಕೈ ಪಳಗಿಸಿದ್ದೇನೆ. ಎಡಗೈ ಸೂಜಿ ಯಾವಾಗಲೂ ಬಲಗೈ ದಾರದ ಒಂದೇ ಪಕ್ಕದಿಂದ ಹೋಗಬೇಕು. ಇಲ್ಲದಿದ್ದರೆ ಓರೆ ತಪ್ಪುತ್ತದೆ. ಇದನ್ನು ಯಾವ ವಿಡಿಯೋ ನೋಡಿದರೂ ಹೇಳುತ್ತಾರೆ, ಆದರೆ ಕೈಗೆ ಅರ್ಥವಾಗಲು ಅಷ್ಟು ದಿನ ಬೇಕಾಯಿತು.

ಶನಿವಾರ ಹೊಲಿಗೆ ಮುಗಿಯಿತು. ನಿನ್ನೆ ರಾತ್ರಿ ಬೋಗುಣಿಯ ಉಗುರುಬೆಚ್ಚಗಿನ ನೀರಲ್ಲಿ ಗುಳ್ಳೆ ನಿಲ್ಲುವವರೆಗೂ ಮುಳುಗಿಸಿಟ್ಟು, ತೆಗೆದು, ತೆಳು ಪ್ಲಾಸ್ಟಿಕ್ ಸುತ್ತಿದ ನಕಲನ್ನು ಒಳಗೆ ತೂರಿಸಿದೆ. ಮೂಳೆಯ ಕಡ್ಡಿಯಿಂದ ಒಂದೂವರೆ ಗಂಟೆ ಒತ್ತಿದೆ. ಉರುಳೆಯ ಗುಂಡನೆಯ ಉಬ್ಬು ಹೊರಗೆ ಚೆನ್ನಾಗಿ ಮೂಡಿದೆ. ಆಮೇಲೆ ನಕಲನ್ನು ಮೆಲ್ಲಗೆ ಎಳೆದುಕೊಂಡೆ. ಈಗ ಊಟದ ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಒಣಗುತ್ತಿದೆ. ಬೇಗ ಆಗಲಿ ಅಂತ ಬಿಸಿ ಕೊಟ್ಟರೆ ತೊಗಲು ಸೆಟೆದು ಬಿರುಕು ಬಿಡುತ್ತದೆ. ಅಪ್ಪ ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿದರು. ಇನ್ನೂ ಒಳಗೆ ತಣ್ಣಗಿದೆ ಅಂದೆ. "ಇರಲಿ, ಮುಟ್ಟಬ್ಯಾಡ. ನಾಳೆ ಸಂಜಿಗೆ ಬೆರಳು ಹಾಕಿ ನೋಡು" ಅಂದರು.